ಜುಹೂವಿನಲ್ಲಿ ಮನೆ ಹಿಡಿಯುವವರಿಗೆ

ಮುಂಬೈಯ ಪಶ್ಚಿಮ ಉಪನಗರಗಳ ಪೈಕಿ ಸಮುದ್ರಕ್ಕೆ ತೀರ ಅಂಟಿಕೊಂಡಿರುವ ಜುಹೂವಿಗೆ ಕೆಲಸದ ನಿಮಿತ್ತವೋ, ಮಕ್ಕಳ ಓದಿನ ಸಲುವಾಗಿಯೋ, ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ಹುಟ್ಟಿದ ಆಸೆಯಿಂದಲೋ ಮನೆ ಬದಲಾಯಿಸಲು ಹೊರಟ ಕನ್ನಡಿಗರು ವರ್ಷಕ್ಕೆ ಇಬ್ಬರು ಮೂವರಾದರೂ ನನಗೆ ಫೋನು ಮಾಡುತ್ತಾರೆ. ಎಲ್ಲರೂ ಮೊದಲು ಕೇಳುವುದು ಬಾಡಿಗೆ ಎಷ್ಟು ಎಂದು. ಅದನ್ನು ದಲ್ಲಾಳಿ ಐದು ನಿಮಿಷದಲ್ಲಿ ಹೇಳಿಬಿಡುತ್ತಾನೆ. ಬಾಡಿಗೆಯ ಮೇಲೆ ಸಮುದ್ರಕ್ಕೂ ತಿಂಗಳು ತಿಂಗಳು ಏನಾದರೊಂದು ತೆರಬೇಕಾಗುತ್ತದೆ ಎಂಬುದನ್ನು ಮಾತ್ರ ಆತ ಹೇಳುವುದಿಲ್ಲ. ಒಂದು ತಿಂಗಳು ತುಕ್ಕು ಹಿಡಿದ ಬಿಜಾಗರಿ, ಇನ್ನೊಂದು ತಿಂಗಳು ಗ್ಯಾಸ್ ಸೋರಿದ ಏಸಿ, ಮಳೆಗಾಲದಲ್ಲಿ ಬೂಷ್ಟು ಹಿಡಿದ ಚಪ್ಪಲಿ ಮತ್ತು ಪುಸ್ತಕ, ಭಾನುವಾರ ಸಂಜೆ ಮನೆ ಸೇರಲು ತಗಲುವ ಒಂದು ಗಂಟೆ, ಇವೆಲ್ಲವೂ ಆ ಲೆಕ್ಕದಲ್ಲೇ ಬರುತ್ತವೆ. ಈ ಲೆಕ್ಕವನ್ನು ಮುಂಗಡ ಕೊಡುವ ಮೊದಲೇ ಹಾಕಿಕೊಳ್ಳುವುದು ಹೇಗೆ, ಮನೆಗೆ ಬಂದ ಮೇಲೆ ಅದನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನಷ್ಟೇ ಇಲ್ಲಿ ಬರೆದಿದ್ದೇನೆ.

ನಾನು ಉಡುಪಿಯ ಕಡೆಯವನು. ಉಪ್ಪುಗಾಳಿ ನನಗೇನು ಹೊಸತೇ ಎಂಬ ಭ್ರಮೆಯಲ್ಲಿಯೇ ಇಲ್ಲಿಗೆ ಬಂದೆ. ಊರಿನ ನಮ್ಮ ಮನೆಯೂ ಕಡಲಿನಿಂದ ಕೂಗಳತೆಯಲ್ಲೇ ಇತ್ತು. ಆದರೆ ಅದು ಮುರಕಲ್ಲಿನ ಗೋಡೆ, ಮಂಗಳೂರು ಹೆಂಚು, ಹಲಸಿನ ಮರದ ಕಿಟಕಿಗಳ ಮನೆ. ಉಪ್ಪಿಗೆ ತಿನ್ನಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಜುಹೂವಿನ ಫ್ಲ್ಯಾಟಿನಲ್ಲಿ ಕಂಬದ ಒಳಗಿನ ಸರಳಿನಿಂದ ಹಿಡಿದು ಕಿಟಕಿಯ ಗ್ರಿಲ್ಲಿನವರೆಗೆ ಎಲ್ಲವೂ ಕಬ್ಬಿಣ. ಆ ವ್ಯತ್ಯಾಸವನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ಮಳೆಗಾಲ ಹಿಡಿಯಿತು.

ಯಾವ ಓಣಿ?

19ನೆಯ ಶತಮಾನದಲ್ಲಿ ಜುಹೂ ಒಂದು ದ್ವೀಪವಾಗಿತ್ತು. ಇಂದಿನ ಮುಂಬೈ ಉಪನಗರಗಳಿರುವ ಸಾಷ್ಟಿ ಎಂಬ ದೊಡ್ಡ ದ್ವೀಪದ ಪಶ್ಚಿಮಕ್ಕೆ, ನೀರಿನಿಂದ ಒಂದೆರಡು ಮೀಟರ್ ಎತ್ತರದಲ್ಲಿ ಉದ್ದಕ್ಕೆ ಮಲಗಿದ್ದ ಮರಳದಿಣ್ಣೆ ಅದು. ಇಳಿತದ ಹೊತ್ತಿನಲ್ಲಿ ನಡುವಿನ ಹಿನ್ನೀರನ್ನು ನಡೆದೇ ದಾಟಬಹುದಾಗಿತ್ತು. ಈ ಹಳೆಯ ಸಂಗತಿಯನ್ನು ಇತಿಹಾಸದ ಮೋಹಕ್ಕಾಗಿ ಹೇಳುತ್ತಿಲ್ಲ. ಸಮುದ್ರದಿಂದ ದೂರ ಹೋದಷ್ಟೂ ನೆಲ ಏರುತ್ತದೆ, ಆದ್ದರಿಂದ ಹಿಂದಿನ ಸಾಲಿನ ಮನೆಗೆ ನೀರಿನ ಭಯವಿಲ್ಲ ಎಂದು ಹೊಸಬರು ಸಹಜವಾಗಿ ಎಣಿಸುತ್ತಾರೆ. ಇಲ್ಲಿ ಲೆಕ್ಕ ತಿರುವುಮುರುವು. ಕಡಲ ಅಂಚಿನ ದಿಣ್ಣೆಗಿಂತ ಅದರ ಬೆನ್ನ ಹಿಂದಿನ ನೆಲ ತಗ್ಗು. ಮಳೆಯ ನೀರು ಬಂದು ನಿಲ್ಲುವುದು ಅಲ್ಲಿ, ಇರ್ಲಾ ನಾಲೆಯ ಆಸುಪಾಸಿನಲ್ಲಿ. ಸಮುದ್ರಕ್ಕೆ ಮುಖ ಮಾಡಿದ ಕಟ್ಟಡದ ಅಂಗಳ ಒಣಗಿರುವಾಗ ಅರ್ಧ ಕಿಲೋಮೀಟರ್ ಒಳಗಿನ ಬೀದಿಯಲ್ಲಿ ಸ್ಕೂಟರುಗಳು ಅರ್ಧ ಮುಳುಗಿ ನಿಂತಿರುವುದನ್ನು ನಾನು ನೋಡಿದ್ದೇನೆ.

ಆದ್ದರಿಂದ ಮನೆ ನೋಡಲು ಹೋದಾಗ ದಲ್ಲಾಳಿಯನ್ನು ಲಿಫ್ಟಿನ ಬಳಿ ಬಿಟ್ಟು, ಕಾವಲುಗಾರನ ಹತ್ತಿರ ಎರಡು ಮಾತಾಡಬೇಕು. ನಾನು ಈಗಿರುವ ಮನೆಯನ್ನು ನೋಡಲು ಹೋದ ದಿನ ಹಾಗೆಯೇ ಮಾಡಿದೆ. "ಭಯ್ಯಾ, ಜುಲೈಯಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ?" ಎಂದು ಕೇಳಿದ್ದಕ್ಕೆ ಆತ ಬಾಯಲ್ಲಿ ಉತ್ತರ ಕೊಡದೆ, ಬಗ್ಗಿ ಮೊಣಕಾಲಿನ ಕೆಳಗೆ ಕೈಯಿಟ್ಟು ತೋರಿಸಿದ. ಆಮೇಲೆ ಗೇಟಿನ ಕಡೆ ಬೊಟ್ಟು ಮಾಡಿ, ಅದು ರಸ್ತೆಯಲ್ಲಿ, ಒಳಗೆ ಬರುವುದಿಲ್ಲ ಎಂದ. ಕಂಬಗಳ ಮೇಲೆ ಕಟ್ಟಿದ ಕಟ್ಟಡವಾದರೆ ಕೆಳಗಿನ ಪಾರ್ಕಿಂಗಿನ ಗೋಡೆಯನ್ನು ಒಮ್ಮೆ ನೋಡಿ. ಸುಣ್ಣ ಬಳಿದು ಎರಡು ವರ್ಷವಾಗಿದ್ದರೂ ನೀರು ನಿಂತ ಗೆರೆ ಮಾಸಿರುವುದಿಲ್ಲ. ಮೀಟರ್ ಪೆಟ್ಟಿಗೆಗಳು ಆ ಗೆರೆಗಿಂತ ಮೇಲಿವೆಯೇ ಎಂಬುದನ್ನೂ ಗಮನಿಸಬೇಕು.

ಜುಹೂ ತಾರಾ ರಸ್ತೆಯ ಸಮುದ್ರದ ಮಗ್ಗುಲಿನ ಮನೆಗಳ ಬೆಲೆಯನ್ನು ನಿರ್ಧರಿಸುವುದು ಕಿಟಕಿಯಲ್ಲಿ ಕಾಣುವ ನೀರು. ಕಡಲು ಕಾಣುವ ಮನೆಗೆ ಹೆಚ್ಚಿನ ದುಡ್ಡು ಕೊಡಬೇಡಿ ಎಂದು ನಾನು ಹೇಳಿದರೆ ಗೆಳೆಯರು ನಗುತ್ತಾರೆ, ಆದರೂ ಹೇಳುತ್ತೇನೆ. ಕಡಲಿಗೂ ಮನೆಗೂ ನಡುವೆ ಒಂದು ಕಟ್ಟಡ, ಸಾಧ್ಯವಾದರೆ ಒಂದು ಸಾಲು ಮರ, ಇರುವ ಮನೆಯೇ ಬಾಳಲು ಯೋಗ್ಯ. ಉಪ್ಪಿನ ತುಂತುರನ್ನೂ ಜೂನ್ ತಿಂಗಳ ನೈಋತ್ಯದ ಗಾಳಿಯ ಮೊದಲ ಹೊಡೆತವನ್ನೂ ಆ ಎದುರಿನ ಕಟ್ಟಡ ತಡೆದುಕೊಳ್ಳುತ್ತದೆ. ರಾತ್ರಿ ಅಲೆಯ ಸದ್ದು ಹೇಗೂ ಕೇಳುತ್ತದೆ. ಜೆ.ವಿ.ಪಿ.ಡಿ. ಎಂದು ಎಲ್ಲರೂ ಕರೆಯುವ ಜುಹೂ–ವಿಲೆ ಪಾರ್ಲೆ ಬಡಾವಣೆಯ ಅಂಕಿಯ ಹೆಸರಿನ ರಸ್ತೆಗಳಲ್ಲಿ ಇಂಥ ಮನೆಗಳು ಸಿಗುತ್ತವೆ. ಸಹಕಾರಿ ಗೃಹ ಸಂಘಗಳ ಹಳೆಯ ನಿವೇಶನಗಳಾದ್ದರಿಂದ ಅಲ್ಲಿ ನೆರಳೂ ಇದೆ, ನಡೆಯಲು ಜಾಗವೂ ಇದೆ.

ಇನ್ನೊಂದು ವಿಷಯ ವಿಮಾನ. ಭಾರತದ ಮೊದಲ ನಾಗರಿಕ ವಿಮಾನ ನಿಲ್ದಾಣ 1928ರಲ್ಲಿ ಆರಂಭವಾದದ್ದು ಇಲ್ಲಿಯೇ; 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಂಚೆ ಚೀಲ ಹೊತ್ತ ಪುಟ್ಟ ವಿಮಾನವನ್ನು ತಂದಿಳಿಸಿದ್ದೂ ಇದೇ ಬಯಲಿನಲ್ಲಿ. ಇಂದು ಅಲ್ಲಿ ಬಹುಮಟ್ಟಿಗೆ ಹೆಲಿಕಾಪ್ಟರುಗಳ ಓಡಾಟ. ಆ ನಿಲ್ದಾಣದಿಂದಾಗಿ ಸುತ್ತಲಿನ ಕಟ್ಟಡಗಳಿಗೆ ಎತ್ತರದ ಮಿತಿಯಿದೆ, ಜುಹೂವಿನಲ್ಲಿ ಆಕಾಶ ಇನ್ನೂ ಕಾಣುವುದಕ್ಕೆ ಅದೂ ಒಂದು ಕಾರಣ. ಕಿವಿಗೆ ತೊಂದರೆ ಕೊಡುವುದು ಇದಲ್ಲ, ಪೂರ್ವದಲ್ಲಿರುವ ದೊಡ್ಡ ವಿಮಾನ ನಿಲ್ದಾಣ. ಅದರ ಮುಖ್ಯ ರನ್‌ವೇಯಿಂದ ಪಶ್ಚಿಮಕ್ಕೆ ಏರುವ ವಿಮಾನಗಳು ಜುಹೂವಿನ ನೆತ್ತಿಯ ಮೇಲೆ ಹಾದು ಸಮುದ್ರ ಸೇರುತ್ತವೆ. ಮನೆಯನ್ನು ಮಧ್ಯಾಹ್ನ ಒಮ್ಮೆ ನೋಡಿ, ರಾತ್ರಿ ಹತ್ತರ ಮೇಲೆ ಇನ್ನೊಮ್ಮೆ ಹೋಗಿ ಮಲಗುವ ಕೋಣೆಯಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ಬನ್ನಿ. ದಲ್ಲಾಳಿ ಗೊಣಗುತ್ತಾನೆ; ಗೊಣಗಲಿ.

ಜುಹೂವಿಗೆ ಸ್ವಂತ ರೈಲು ನಿಲ್ದಾಣವಿಲ್ಲ. ವಿಲೆ ಪಾರ್ಲೆ, ಸಾಂತಾಕ್ರೂಜ್, ಅಂಧೇರಿ ಈ ಮೂರರಲ್ಲಿ ಒಂದಕ್ಕೆ ರಿಕ್ಷಾ ಇಲ್ಲವೇ ಬೆಸ್ಟ್ ಬಸ್ಸು ಹಿಡಿಯಬೇಕು. 2014ರಲ್ಲಿ ಆರಂಭವಾದ ವರ್ಸೋವಾ–ಘಾಟ್ಕೋಪರ್ ಮೆಟ್ರೋದ ಡಿ.ಎನ್. ನಗರ ನಿಲ್ದಾಣ ಉತ್ತರದ ತುದಿಯವರಿಗೆ ಉಪಯೋಗಕ್ಕೆ ಬರುತ್ತದೆ.

ಕಟ್ಟಡದ ಆರೋಗ್ಯ

ಕಾಂಕ್ರೀಟಿನ ಒಳಗಿರುವ ಕಬ್ಬಿಣಕ್ಕೆ ಕಾಂಕ್ರೀಟಿನ ಕ್ಷಾರವೇ ರಕ್ಷೆ. ಸಮುದ್ರದ ಗಾಳಿಯ ಕ್ಲೋರೈಡು ಸಣ್ಣ ಬಿರುಕುಗಳ ಮೂಲಕ ಒಳಗಿಳಿದು ಆ ರಕ್ಷೆಯನ್ನು ಒಡೆಯುತ್ತದೆ. ಸರಳು ತುಕ್ಕು ಹಿಡಿದರೆ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಉಬ್ಬುತ್ತದೆ. ಉಬ್ಬಿದ ತುಕ್ಕು ಹೊರಗಿನ ಕಾಂಕ್ರೀಟನ್ನು ಒಳಗಿನಿಂದಲೇ ಒದ್ದು ಸಿಡಿಸುತ್ತದೆ. ಹೀಗಾಗಿ ಕಂಬ ಮತ್ತು ತೊಲೆಗಳ ಮೇಲೆ ಸರಳಿನ ಜಾಡಿನಲ್ಲೇ ಉದ್ದಕ್ಕೆ ಓಡುವ ಬಿರುಕು, ಅಡ್ಡಾದಿಡ್ಡಿಯಾದ ಗಿಲಾವಿನ ಬಿರುಕಿಗಿಂತ ಹೆಚ್ಚು ಅಪಾಯದ್ದು. ಬಚ್ಚಲುಮನೆಯ ಚಾವಣಿ, ಬಾಲ್ಕನಿಯ ಅಡಿಭಾಗ, ನೀರಿನ ಟ್ಯಾಂಕಿನ ಕೆಳಗಿನ ತೊಲೆ, ಈ ಮೂರು ಕಡೆ ಅದು ಮೊದಲು ಕಾಣಿಸುತ್ತದೆ. ಮನೆಯ ಕೀಲಿಕೈಯಿಂದಲೇ ಅಲ್ಲಲ್ಲಿ ಕುಟ್ಟಿ ನೋಡಬಹುದು: ಗಟ್ಟಿಯಾಗಿರುವ ಕಡೆ ಸದ್ದು ಬಿಗಿಯಾಗಿರುತ್ತದೆ, ಒಳಗೆ ಬಿಟ್ಟುಕೊಂಡಿರುವ ಕಡೆ ಹಲಸಿನ ಹಣ್ಣಿಗೆ ತಟ್ಟಿದ ಹಾಗೆ ಡಬ್ ಡಬ್ ಎನ್ನುತ್ತದೆ. ಹೊಸದಾಗಿ ಬಣ್ಣ ಬಳಿದ ಮನೆಯಲ್ಲಿ ಈ ಪರೀಕ್ಷೆ ಮಾಡದೆ ಬರಲೇಬಾರದು.

30 ವರ್ಷ ದಾಟಿದ ಕಟ್ಟಡದ ರಚನೆಯನ್ನು ಪರಿಣತ ಎಂಜಿನಿಯರಿಂದ ತಪಾಸಣೆ ಮಾಡಿಸಬೇಕೆಂದು ಮುಂಬೈ ಮಹಾನಗರಪಾಲಿಕೆಯ ಕಾನೂನು ವಿಧಿಸುತ್ತದೆ. ಮನೆ ಕೊಳ್ಳುವವರು ಆ ವರದಿಯನ್ನು ಕೇಳಿ ಪಡೆದು ಓದಲೇಬೇಕು. ಬಾಡಿಗೆಗೆ ಬರುವವರು ಕಡೇ ಪಕ್ಷ ಅದು ಆಗಿದೆಯೇ ಎಂದಾದರೂ ಸೊಸೈಟಿಯ, ಎಂದರೆ ಕಟ್ಟಡದ ಮನೆಯೊಡೆಯರ ಸಹಕಾರಿ ಸಂಘದ, ಕಾರ್ಯದರ್ಶಿಯನ್ನು ಕೇಳಬೇಕು. ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ, ಕಟ್ಟಡ ಪುನರಾಭಿವೃದ್ಧಿಗೆ ಹೋಗುತ್ತಿದೆಯೇ ಎಂಬುದು. ಹಳೆಯ ಕಟ್ಟಡವನ್ನು ಕೆಡವಿ ಬಿಲ್ಡರನ ಮೂಲಕ ಹೊಸದು ಕಟ್ಟಿಸುವ ಮಾತು ಜುಹೂವಿನ ಬಹುತೇಕ ಹಳೆಯ ಸೊಸೈಟಿಗಳಲ್ಲಿ ಇದ್ದೇ ಇರುತ್ತದೆ. ಮಾತು ಶುರುವಾದ ದಿನದಿಂದ ಯಾರೂ ಸೋರುವ ಪೈಪಿಗೆ ದುಡ್ಡು ಹಾಕುವುದಿಲ್ಲ, ಕೆಡವುವ ಮನೆಗೆ ಖರ್ಚೇಕೆ ಎಂಬ ನ್ಯಾಯ. ಆ ನಡುವಿನ ಐದಾರು ವರ್ಷಗಳ ಸೋರಿಕೆಯನ್ನು ಅನುಭವಿಸುವವನು ಬಾಡಿಗೆದಾರ. ನನ್ನ ಮೊದಲ ಮನೆಯಲ್ಲಿ ಹೀಗೆಯೇ ಆಯಿತು. ಅಡುಗೆಮನೆಯ ಮೂಲೆಯಲ್ಲಿ ಎರಡು ಮಳೆಗಾಲ ಬಕೆಟ್ ಇಟ್ಟುಕೊಂಡು ಬಾಳಿದೆವು, ಮನೆಯೊಡೆಯರು ಪ್ರತಿ ಬಾರಿಯೂ "ಇನ್ನೇನು ಕೆಡವುತ್ತಾರಲ್ಲ" ಎಂದು ಸಮಾಧಾನ ಹೇಳಿದರು. ನಾವು ಬಿಟ್ಟು ಬಂದ ಮೇಲೂ ಆ ಕಟ್ಟಡ ನಿಂತೇ ಇತ್ತು.

ಕಡಲ ಅಂಚಿನಲ್ಲೇ ಕೊಳ್ಳುವವರಿಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳ ತೊಡಕೂ ಇದೆ. 1991ರಲ್ಲಿ ಮೊದಲು ಬಂದು, 2011ರಲ್ಲಿಯೂ 2019ರಲ್ಲಿಯೂ ಹೊಸದಾಗಿ ಹೊರಟ ಆ ಅಧಿಸೂಚನೆಗಳ ಅಡಿಯಲ್ಲಿ ಭರತದ ಗೆರೆಯಿಂದ, ಎಂದರೆ ಕಡಲು ಉಬ್ಬಿದಾಗ ನೀರು ಮುಟ್ಟುವ ಗೆರೆಯಿಂದ, ಇಷ್ಟು ದೂರದೊಳಗೆ ಏನನ್ನು, ಎಷ್ಟು ಕಟ್ಟಬಹುದೆಂಬ ಮಿತಿಗಳಿವೆ. ಬಾಲ್ಕನಿ ಮುಚ್ಚಿ ಕೋಣೆ ಮಾಡಿಕೊಂಡದ್ದನ್ನು ಕೂಡ ಇಲ್ಲಿ ಹಗುರವಾಗಿ ತೆಗೆದುಕೊಳ್ಳದೆ, ವಾಸಯೋಗ್ಯ ಪ್ರಮಾಣಪತ್ರವನ್ನೂ ಮಂಜೂರಾದ ನಕ್ಷೆಯನ್ನೂ ವಕೀಲರ ಮುಂದಿಟ್ಟು ಕೇಳುವುದು ಲೇಸು.

ಕರಾರು ಮತ್ತು ಸೊಸೈಟಿ

ಮಹಾರಾಷ್ಟ್ರದಲ್ಲಿ ಮನೆ ಬಾಡಿಗೆಗೆ ಸಾಮಾನ್ಯವಾಗಿ 'ಲೀವ್ ಅಂಡ್ ಲೈಸೆನ್ಸ್' ಕರಾರು ಮಾಡಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಹನ್ನೊಂದು ತಿಂಗಳ ಕರಾರನ್ನು ಛಾಪಾಕಾಗದದ ಮೇಲೆ ಬರೆದು ಸಹಿ ಹಾಕಿ ಬೀರುವಿನಲ್ಲಿಟ್ಟುಕೊಳ್ಳುವ ರೂಢಿಯಿದ್ದವರು ಇಲ್ಲಿ ಎಚ್ಚರವಹಿಸಬೇಕು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನ ಪ್ರಕಾರ ಕರಾರು ಹನ್ನೊಂದು ತಿಂಗಳದ್ದೇ ಆದರೂ ನೋಂದಣಿ ಕಡ್ಡಾಯ. ನೋಂದಣಿ ಮಾಡಿಸುವ ಹೊಣೆ ಮನೆಯೊಡೆಯರದು. ನೋಂದಣಿ ಇಲ್ಲದೆ ತಕರಾರು ಬಂದರೆ ಬೇರೆ ರುಜುವಾತಾಗುವ ತನಕ ಬಾಡಿಗೆದಾರ ಹೇಳಿದ ಷರತ್ತುಗಳನ್ನೇ ಕಾಯಿದೆ ನಿಜವೆಂದು ಹಿಡಿಯುತ್ತದೆ. ಮುದ್ರಾಂಕ ಶುಲ್ಕ ಹೆಚ್ಚೇನಲ್ಲ. ಅವಧಿಯ ಒಟ್ಟು ಬಾಡಿಗೆಗೆ, ಠೇವಣಿಯ ಮೇಲೆ ವರ್ಷಕ್ಕೆ ಶೇ. 10ರಂತೆ ಬಡ್ಡಿ ಲೆಕ್ಕ ಹಾಕಿ ಸೇರಿಸಿ, ಆ ಮೊತ್ತದ ಶೇ. 0.25ರಷ್ಟನ್ನು ಕಟ್ಟಬೇಕು, ನಗರದಲ್ಲಿ ನೋಂದಣಿ ಶುಲ್ಕ ಬೇರೆ 1,000 ರೂಪಾಯಿ. ತಿಂಗಳಿಗೆ ಒಂದು ಲಕ್ಷ ಬಾಡಿಗೆ, ನಾಲ್ಕು ಲಕ್ಷ ಠೇವಣಿ ಎಂದಿಟ್ಟುಕೊಂಡರೆ ಹನ್ನೊಂದು ತಿಂಗಳಿಗೆ ಮುದ್ರಾಂಕ ಶುಲ್ಕ ಸುಮಾರು 2,850 ರೂಪಾಯಿ ಆಗುತ್ತದೆ. ದಲ್ಲಾಳಿಯ ಪಾಲು ರೂಢಿಯಲ್ಲಿ ಒಂದು ತಿಂಗಳ ಬಾಡಿಗೆ. ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಸಲ್ಲಿಸುವುದು ಈಗ ಆನ್‌ಲೈನಿನಲ್ಲೇ ಆಗುತ್ತದೆ, ಅದರ ರಸೀದಿಯನ್ನು ಸೊಸೈಟಿಯವರು ಕೇಳುತ್ತಾರೆ.

ಕರಾರಿನಲ್ಲಿ ಸಮುದ್ರದ ಹೆಸರಿನಲ್ಲೇ ಎರಡು ಸಾಲು ಬರೆಸಿಕೊಳ್ಳಬೇಕೆಂಬುದು ನನ್ನ ಸಲಹೆ. ಏಸಿ, ಗೀಸರು, ಕಿಟಕಿಯ ಚೌಕಟ್ಟು, ಗ್ರಿಲ್ ಇವು ತುಕ್ಕಿನಿಂದ ಕೆಟ್ಟರೆ ರಿಪೇರಿ ಯಾರದು ಎಂಬುದು ಒಂದು. ಗೋಡೆಯ ತೇವ, ಬೂಷ್ಟು ಇವನ್ನು ಬಾಡಿಗೆದಾರ ಮಾಡಿದ ಹಾನಿಯೆಂದು ಲೆಕ್ಕಿಸಿ ಠೇವಣಿಯಲ್ಲಿ ಮುರಿದುಕೊಳ್ಳುವಂತಿಲ್ಲ ಎಂಬುದು ಇನ್ನೊಂದು. ಮನೆ ಸೇರುವ ದಿನ ಪ್ರತಿ ಕಿಟಕಿ, ಪ್ರತಿ ನಲ್ಲಿಯ ಫೋಟೊ ತೆಗೆದು ಮನೆಯೊಡೆಯರಿಗೆ ಆ ದಿನವೇ ಕಳುಹಿಸಿಬಿಡಿ. ಇಷ್ಟು ಮಾಡದೆ ನಾನು ಮೊದಲ ಮನೆಯ ಠೇವಣಿಯಲ್ಲಿ ದೊಡ್ಡದೊಂದು ಪಾಲನ್ನು ಕಳೆದುಕೊಂಡೆ. ಅಲ್ಲಿನ ಗ್ರಿಲ್ ನಾನು ಹೋಗುವ ಮೊದಲೇ ಅಪ್ಪಳದಂತಾಗಿತ್ತು, ಆದರೆ ಅದನ್ನು ತೋರಿಸುವ ಒಂದು ಚಿತ್ರವೂ ನನ್ನಲ್ಲಿರಲಿಲ್ಲ.

ಸೊಸೈಟಿ ಎಂಬುದು ಜುಹೂವಿನ ಬದುಕಿನಲ್ಲಿ ಮನೆಯೊಡೆಯರಷ್ಟೇ ಮುಖ್ಯ. 1960ರ ಸಹಕಾರಿ ಸಂಘಗಳ ಕಾಯಿದೆಯಡಿ ನಡೆಯುವ ಈ ಸಂಘಗಳು ಬಾಡಿಗೆಗೆ ಕೊಟ್ಟ ಮನೆಗಳ ಮೇಲೆ 'ನಾನ್ ಆಕ್ಯುಪೆನ್ಸಿ' ಎಂಬ ಹೆಚ್ಚಿನ ಶುಲ್ಕ ಹಾಕುತ್ತವೆ. ಅದು ಸೇವಾ ಶುಲ್ಕದ ಶೇ. 10ನ್ನು ಮೀರುವಂತಿಲ್ಲ. ಅದನ್ನು ಕಟ್ಟುವವರು ಯಾರೆಂದು ಕರಾರಿನಲ್ಲಿ ಸ್ಪಷ್ಟವಾಗಿರಲಿ. ಕಾರ್ಯದರ್ಶಿಯನ್ನು ಸಾಮಾನು ಬರುವ ದಿನಕ್ಕಿಂತ ಮೊದಲೇ ಹೋಗಿ ಕಾಣುವುದು ಮರ್ಯಾದೆಯೂ ಹೌದು, ಜಾಣತನವೂ ಹೌದು. ನಮ್ಮ ಕಟ್ಟಡದ ಕಾರ್ಯದರ್ಶಿ ಎಪ್ಪತ್ತು ದಾಟಿದ ಗುಜರಾತಿ ಹಿರಿಯರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಲಿಫ್ಟಿನಲ್ಲಿ ಸೋಫಾ ಏರಿಸಬಹುದಾದ ಗಂಟೆಗಳಿಂದ ಹಿಡಿದು ನೀರಿನ ಟ್ಯಾಂಕರ್ ತರಿಸುವ ದಿನದವರೆಗೆ ಎಲ್ಲವೂ ಅವರ ಡೈರಿಯಲ್ಲಿದೆ. ಕೆಲವು ಕಟ್ಟಡಗಳಲ್ಲಿ ಮೀನು ಮಾಂಸ ಬೇಯಿಸುವವರಿಗೆ ಮನೆ ಕೊಡುವುದಿಲ್ಲ ಎಂಬ ಬರೆಯದ ಕಟ್ಟಳೆ ಇದೆ. ಬಾಯಿಬಿಟ್ಟು ಯಾರೂ ಹೇಳದಿರುವುದರಿಂದ ನೀವೇ ಮೊದಲು ಕೇಳಿಬಿಡಿ. ಹುರಿದ ಬಂಗುಡೆಯ ಪರಿಮಳ ಮೂರನೆಯ ಮಹಡಿ ಮುಟ್ಟಿದ ಮೇಲೆ ನಡೆಯುವ ಮಾತುಕತೆ ಯಾರಿಗೂ ಹಿತವಲ್ಲ.

ಉಪ್ಪಿನ ಜೊತೆ ಸಂಸಾರ

ಮನೆ ಸೇರಿದ ಮೊದಲ ವಾರದಲ್ಲೇ ಕೆಲವು ವಸ್ತುಗಳನ್ನು ಬದಲಾಯಿಸಿಬಿಟ್ಟರೆ ಮುಂದೆ ಉಳಿತಾಯ. ಅಂಗಡಿಯವನು ಸ್ಟೇನ್‌ಲೆಸ್ ಸ್ಟೀಲ್ ಎಂದು ಕೊಡುವುದು ಸಾಮಾನ್ಯವಾಗಿ 304 ದರ್ಜೆಯದು. ಒಳನಾಡಿನಲ್ಲಿ ಅದು ಸಾಕು. ಇಲ್ಲಿ ಆರು ತಿಂಗಳಲ್ಲಿ ಚಹದ ಕಲೆಯಂಥ ಕಂದು ಚುಕ್ಕೆಗಳು ಮೂಡುತ್ತವೆ. ಮಾಲಿಬ್ಡಿನಮ್ ಬೆರೆತಿರುವ 316 ದರ್ಜೆಯನ್ನು ಹೆಸರು ಹಿಡಿದು ಕೇಳಬೇಕು. ಬಾಲ್ಕನಿಯ ಬಾಗಿಲ ಬಿಜಾಗರಿ, ಚಿಲಕ, ಬಟ್ಟೆ ಒಣಹಾಕುವ ಕಂಬಿಯ ಕೊಂಡಿ, ಇಷ್ಟಕ್ಕಾದರೂ ಅದನ್ನೋ ಹಿತ್ತಾಳೆಯನ್ನೋ ಹಾಕಿಸಿ. ಉಳಿದ ಕಬ್ಬಿಣದ ಗ್ರಿಲ್ಲನ್ನು ಪ್ರತಿ ಏಪ್ರಿಲ್‌ನಲ್ಲಿ ಉಜ್ಜಿ, ತುಕ್ಕು ತಡೆಯುವ ಮೊದಲ ಲೇಪ ಕೊಟ್ಟು, ಮೇಲೆ ಬಣ್ಣ ಬಳಿಸಬೇಕು. ತುಕ್ಕನ್ನು ಪೂರ್ತಿ ಕೆರೆಯದೆ ಬಣ್ಣ ಬಳಿದರೆ ಅದು ಹುಣ್ಣಿನ ಮೇಲೆ ಕಟ್ಟಿದ ಪಟ್ಟಿ, ಒಳಗೆ ಕೊಳೆಯುತ್ತಲೇ ಇರುತ್ತದೆ.

ಏಸಿಯದು ದೊಡ್ಡ ಕಥೆ. ಹೊರಗಿಡುವ ಘಟಕದ ಅಲ್ಯೂಮಿನಿಯಂ ರೆಕ್ಕೆಗಳನ್ನು ಉಪ್ಪು ತಿನ್ನುತ್ತದೆ. ನಾಲೆಯ ಹತ್ತಿರದ ಮನೆಗಳಲ್ಲಿ ಕೊಳಚೆಯಿಂದ ಏಳುವ ಗಂಧಕದ ಅನಿಲ ತಾಮ್ರದ ಕೊಳವೆಯನ್ನು ಕೊರೆದು ಗ್ಯಾಸ್ ಸೋರುವಂತೆ ಮಾಡುತ್ತದೆ. ಹೊಸ ಏಸಿ ಕೊಳ್ಳುವಾಗ ರಕ್ಷಾಲೇಪವಿರುವ ಕಾಯಿಲನ್ನೇ ಆರಿಸಿ, ಘಟಕವನ್ನು ಪಶ್ಚಿಮದ ಗೋಡೆಗೆ ತಗಲಿಸದೆ ಸಾಧ್ಯವಾದಷ್ಟು ಪೂರ್ವದ ಮರೆಯಲ್ಲಿಡಿಸಿ. ಮಳೆಗೆ ಮೊದಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಸಿಹಿನೀರಿನಿಂದ ತೊಳೆಸಬೇಕು. ಮಳೆಗಾಲದಲ್ಲಿ ಮಳೆಯೇ ಉಪ್ಪನ್ನು ತೊಳೆದುಬಿಡುತ್ತದೆ; ಹಾಗಾಗಿ ತುಂತುರು ಬಂದು ಕೂತು ತೊಳೆಯದೆ ಉಳಿಯುವ ನವೆಂಬರಿನಿಂದ ಮೇ ತನಕದ ಒಣ ತಿಂಗಳುಗಳಲ್ಲಿ ಕಿಟಕಿಯ ಗಾಜು, ಜಾರುಬಾಗಿಲಿನ ಹಳಿ, ಬಾಲ್ಕನಿಯ ಕಟಕಟೆಗಳನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುವ ಅಭ್ಯಾಸ ಇಟ್ಟುಕೊಳ್ಳಬೇಕು. ಗಾಜಿನ ಮೇಲೆ ಬೆರಳಾಡಿಸಿ ನಾಲಗೆಗೆ ಮುಟ್ಟಿಸಿದರೆ ಉಪ್ಪು ಗೊತ್ತಾಗುತ್ತದೆ. ನನ್ನ ಮಗಳು ಚಿಕ್ಕವಳಿದ್ದಾಗ ಅದೊಂದು ಆಟವೇ ಆಗಿತ್ತು.

ಬೇಸಿಗೆಯ ಬಗ್ಗೆ ಒಂದು ಮಾತು. ಹಗಲಿನಲ್ಲಿ ಕಡಲಿನಿಂದ ನೆಲದತ್ತ ಬೀಸುವ ಗಾಳಿ ತಡವಾಗಿ ಬಂದ ದಿನ, ಅದರಲ್ಲೂ ಮಾರ್ಚಿನಲ್ಲಿ, ಮುಂಬೈ ಕಾದ ಹೆಂಚಿನಂತಾಗುತ್ತದೆ. ಪೂರ್ವದ ಕಿಟಕಿಗಳನ್ನು ಬೆಳಿಗ್ಗೆಯೇ ಮುಚ್ಚಿ, ಮಧ್ಯಾಹ್ನ ಗಾಳಿ ತಿರುಗಿದ್ದು ಗೊತ್ತಾದ ಮೇಲೆ ಪಶ್ಚಿಮದ ಕಿಟಕಿಗಳನ್ನು ತೆರೆದರೆ ಏಸಿಯಿಲ್ಲದೆಯೂ ಸಂಜೆ ಕಳೆಯಬಹುದು.

ಮಳೆ ಮತ್ತು ಭರತ

2005ರ ಜುಲೈ 26ರಂದು ಸಾಂತಾಕ್ರೂಜ್‌ನ ಮಾಪಕದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಗಂಟೆಗೆ 25 ಮಿ.ಮೀ. ಮಳೆಯನ್ನು ಸಾಗಿಸುವಷ್ಟೇ ಶಕ್ತಿಯಿದ್ದ ಹಳೆಯ ಚರಂಡಿ ವ್ಯವಸ್ಥೆ ಅದರ ಮುಂದೆ ಸೋತಿತು. ಅದನ್ನು ಗಂಟೆಗೆ 50 ಮಿ.ಮೀ.ಗೆ ಏರಿಸುವ ಯೋಜನೆಯ ಭಾಗವಾಗಿ ಇರ್ಲಾದಲ್ಲಿಯೂ ಗಜ್ದರ್‌ಬಂಧ್‌ನಲ್ಲಿಯೂ ನೀರೆತ್ತುವ ಸ್ಥಾವರಗಳು ಬಂದಿವೆ. ಆದರೂ ಜುಹೂವಿನವರು ನೆನಪಿಡಬೇಕಾದದ್ದು ಒಂದಿದೆ. ಚರಂಡಿಗಳು ಹೋಗಿ ಸೇರುವುದು ಸಮುದ್ರಕ್ಕೆ, ಸಮುದ್ರ ಉಬ್ಬಿದಾಗ ಅವುಗಳ ಬಾಯಿ ಕಟ್ಟುತ್ತದೆ. ಸಾಧಾರಣ ಮಳೆಯೂ ಭರತದ ಹೊತ್ತಿನಲ್ಲೇ ಸುರಿದರೆ ರಸ್ತೆ ತುಂಬುತ್ತದೆ. ಇಳಿತದ ಹೊತ್ತಿನಲ್ಲಿ ಅದರ ಎರಡರಷ್ಟು ಬಿದ್ದರೂ ಹರಿದು ಹೋಗುತ್ತದೆ.

ಇದಕ್ಕೆ ನಮ್ಮ ಗೋಡೆಯ ಮೇಲಿನ ಪಂಚಾಂಗವೇ ಸಾಕಷ್ಟು ಸಹಾಯ ಮಾಡುತ್ತದೆ. ಮುಂಬೈ ತೀರದಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ದೊಡ್ಡ ಭರತ ಬರುವುದು ನಡುಹಗಲು 12ರಿಂದ 1 ಗಂಟೆಯ ಹೊತ್ತಿಗೆ, ಮತ್ತೆ ನಡುರಾತ್ರಿ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗಿ, ಅಷ್ಟಮಿಯ ಹೊತ್ತಿಗೆ ಅದು ಬೆಳಿಗ್ಗೆ, ಸಂಜೆ 6ರ ಸುಮಾರಿಗೆ ಬಂದು ನಿಲ್ಲುತ್ತದೆ, ಆಗ ನೀರಿನ ಎತ್ತರವೂ ಕಡಿಮೆ. ಮಳೆಗಾಲದಲ್ಲಿ 4.5 ಮೀಟರ್ ಮೀರುವ ಭರತದ ದಿನಗಳ ಪಟ್ಟಿಯನ್ನು ಮಹಾನಗರಪಾಲಿಕೆ ಮೊದಲೇ ಪ್ರಕಟಿಸುತ್ತದೆ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಿ. ಆ ದಿನಗಳಲ್ಲಿ ಹವಾಮಾನ ಇಲಾಖೆ ಭಾರೀ ಮಳೆಯ ಮುನ್ಸೂಚನೆ ಕೊಟ್ಟರೆ ಕಾರನ್ನು ಎತ್ತರದ ಜಾಗದಲ್ಲಿ ನಿಲ್ಲಿಸಬೇಕು, ಮಕ್ಕಳ ಶಾಲೆಯ ವಾಹನ ಯಾವ ದಾರಿಯಲ್ಲಿ ಬರುತ್ತದೆಂದು ಕೇಳಿಟ್ಟುಕೊಳ್ಳಬೇಕು, ಕೆಳಮಹಡಿಯವರು ಬಚ್ಚಲಿನ ಹರಿಬಾಯಿಗೆ ಮರಳಚೀಲ ಸಿದ್ಧವಿಟ್ಟುಕೊಳ್ಳಬೇಕು.

ಹೊರಗೆ ಇಷ್ಟು ನೀರು ಸುರಿಯುತ್ತಿರುವಾಗಲೂ ನಲ್ಲಿಯ ನೀರು ದಿನಕ್ಕೆ ಗೊತ್ತಾದ ಕೆಲವು ಗಂಟೆ ಮಾತ್ರ. ನಗರಕ್ಕೆ ನೀರು ಬರುವುದು ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ಏಳು ಜಲಾಶಯಗಳಿಂದ. ಜೂನ್ ಕೊನೆಗೂ ಅವುಗಳಿಗೆ ಸಾಕಷ್ಟು ನೀರು ಬರದಿದ್ದರೆ ಕಡಿತ ಆರಂಭವಾಗುತ್ತದೆ. ಸೊಸೈಟಿಯ ನೆಲದಡಿಯ ಟ್ಯಾಂಕಿಗೆ ರಸ್ತೆಯ ನೀರು ನುಗ್ಗಿದ್ದುಂಟೇ ಎಂಬುದನ್ನು ಕಾಕಾನಂಥವರನ್ನು ಕೇಳಿ ತಿಳಿದುಕೊಳ್ಳಿ. ಹಾಗೆ ಆದ ಕಟ್ಟಡವಾದರೆ ಮಳೆಗಾಲವಿಡೀ ನೀರನ್ನು ಕಾಯಿಸಿಯೇ ಕುಡಿಯಬೇಕು.

ತೀರದ ಮೇಲೆ

ಬೆಳಗಿನ ಸಂಚಾರಕ್ಕೆ ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತಲಿನ ದಿನಗಳೇ ಪ್ರಶಸ್ತ. ಆರೂವರೆಗೆ ಹೋದರೆ ಇಳಿತದಲ್ಲಿ ಗಟ್ಟಿಯಾದ ಅಗಲ ಮರಳು ಸಿಗುತ್ತದೆ. ಅಷ್ಟಮಿಯ ಬೆಳಿಗ್ಗೆ ಹೋದವರು ಮೆತ್ತಗಿನ ಮರಳಿನಲ್ಲಿ ಕಾಲು ಹೂತು, ಹಿಮ್ಮಡಿ ನೋಯಿಸಿಕೊಂಡು ಬರುತ್ತಾರೆ. ಮಳೆಗಾಲದಲ್ಲಿ ನೀರಿಗಿಳಿಯುವುದು ಬೇಡವೇ ಬೇಡ. ಕೆಂಪು ಬಾವುಟ ಹಾರಿಸಿ ಜೀವರಕ್ಷಕರು ಸೀಟಿ ಊದಿದರೆ ಅದು ಅವರ ಹಟವಲ್ಲ. ಜುಲೈ, ಆಗಸ್ಟ್‌ನಲ್ಲಿ ಬರಿಗಾಲಿನಲ್ಲಿಯೂ ನಡೆಯಬೇಡಿ: ನೀಲಿ ಗಾಳಿಚೀಲದಂಥ ಬ್ಲೂಬಾಟಲ್ ಜೀವಿಗಳು ಅಲೆಯೊಂದಿಗೆ ತೀರಕ್ಕೆ ಬಂದು ಬೀಳುತ್ತವೆ, ಸತ್ತಂತೆ ಕಂಡರೂ ಅವುಗಳ ದಾರ ಕುಟುಕುತ್ತದೆ. ಕುಟುಕಿದರೆ ಉಜ್ಜದೆ, ಸಮುದ್ರದ ನೀರಿನಿಂದ ತೊಳೆದು, ದಾರವನ್ನು ಚಿಮುಟದಿಂದ ತೆಗೆದು, ತಾಳಿಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಇಪ್ಪತ್ತು ನಿಮಿಷ ಇಡಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅದೇ ದಿನಗಳಲ್ಲಿ ಡಾಂಬರಿನ ಕಪ್ಪು ಉಂಡೆಗಳೂ ತೀರಕ್ಕೆ ಬರುತ್ತವೆ. ಪಾದಕ್ಕೆ ಅಂಟಿದ್ದನ್ನು ಸೋಪಿನಿಂದ ಉಜ್ಜಿ ಚರ್ಮ ಕಿತ್ತುಕೊಳ್ಳಬೇಡಿ, ತೆಂಗಿನೆಣ್ಣೆ ಹಚ್ಚಿ ಒರೆಸಿದರೆ ಬಿಡುತ್ತದೆ.

ತೀರ ಹಣವಂತರದು ಮಾತ್ರವಲ್ಲ ಎಂಬುದನ್ನು ಹೊಸಬರಲ್ಲಿ ಕೆಲವರು ಒಪ್ಪಿಕೊಳ್ಳಲು ಕಷ್ಟಪಡುತ್ತಾರೆ. ಭಾನುವಾರ ಸಂಜೆ ಇಡೀ ಮುಂಬೈ ಇಲ್ಲಿಗೆ ಬರುತ್ತದೆ. ಗಣೇಶ ವಿಸರ್ಜನೆಯ ಒಂದೂವರೆ, ಐದು, ಏಳು ಮತ್ತು ಹನ್ನೊಂದನೆಯ ದಿನಗಳಲ್ಲಿ, ದೀಪಾವಳಿಯ ಆರು ದಿನಗಳ ಮೇಲೆ ಬರುವ ಛಠ್ ಪೂಜೆಯ ಸಂಜೆಯಲ್ಲಿ ರಸ್ತೆಗಳನ್ನು ಮುಚ್ಚುತ್ತಾರೆ. ಅಂಥ ದಿನ ಮನೆಗೆ ಅತಿಥಿಗಳನ್ನು ಕರೆಯಬೇಡಿ, ಕಾರು ತೆಗೆಯಬೇಡಿ. ನೀವೂ ನಡೆದು ಹೋಗಿ ನೋಡಿ ಬನ್ನಿ. ನಾಟಕದ ರುಚಿಯುಳ್ಳವರಿಗೆ 1978ರಿಂದ ನಡೆಯುತ್ತಿರುವ ಪೃಥ್ವಿ ಥಿಯೇಟರ್ ನಡೆದು ಹೋಗುವಷ್ಟು ಹತ್ತಿರದಲ್ಲಿದೆ.

ಕನ್ನಡದ ನಂಟು ಜುಹೂವಿನ ಒಳಗೆ ತೆಳುವಾದರೂ ರೈಲು ಹಳಿಯ ಆಚೀಚೆ ದಟ್ಟವಾಗಿದೆ. ಸಾಂತಾಕ್ರೂಜ್ ಪೂರ್ವದಲ್ಲಿ ಪೇಜಾವರ ಮಠ ಮತ್ತು ಬಿಲ್ಲವ ಭವನ, ಅಂಧೇರಿ ಪಶ್ಚಿಮದಲ್ಲಿ ಅದಮಾರು ಮಠ ಮತ್ತು ಮೊಗವೀರರ ಸಂಸ್ಥೆಗಳು ಇವೆ. ಯಕ್ಷಗಾನದ ಮೇಳ ಊರಿನಿಂದ ಬಂದಾಗ ಆಟದ ಸುದ್ದಿ ಮುಂಬೈಯ ಕನ್ನಡ ದಿನಪತ್ರಿಕೆಗಳಲ್ಲಿ ಸಿಗುತ್ತದೆ. ಕುಚ್ಚಲಕ್ಕಿ, ಬ್ಯಾಡಗಿ ಮೆಣಸು, ಹಪ್ಪಳ ಬೇಕಾದವರು ಸ್ಟೇಷನ್ನಿನ ಬಳಿಯ ಯಾವುದಾದರೊಂದು 'ಮಂಗಳೂರು ಸ್ಟೋರ್ಸ್' ಹುಡುಕಿಕೊಳ್ಳಬಹುದು.

ಮೀನಿಗೆ ಮಾತ್ರ ಜುಹೂವಿನ ಮೂಲ ನಿವಾಸಿಗಳಾದ ಕೋಳಿಗಳ ಹತ್ತಿರವೇ ಹೋಗಬೇಕು. ಕನ್ನಡದ ಕಿವಿಗೆ ಈ ಹೆಸರು ನಗು ತರಿಸಿದರೂ ಅವರು ನಮ್ಮ ಮೊಗವೀರರಂತೆ ಕಡಲ ಮಕ್ಕಳು; ಜುಹೂ ಕೋಳಿವಾಡಾ, ಮೋರಾಗಾಂವ್ ಅವರ ಹಳೆಯ ಊರುಗಳು. ಮಾರುವ ಹೆಂಗಸರನ್ನು ಮಾವಶಿ, ಎಂದರೆ ಚಿಕ್ಕಮ್ಮ, ಎಂದು ಕರೆದು ಮಾತಾಡಿಸಿ. ನಮ್ಮ ಬಂಗುಡೆ ಅವರಿಗೆ ಬಾಂಗಡಾ, ಅಂಜಲ್ ಸುರಮಯಿ, ಮಾಂಜಿ ಪಾಪ್ಲೆಟ್, ಮರುವಾಯಿ ತಿಸರ್ಯಾ. ಕಿವಿರು ಎತ್ತಿ ನೋಡುವ ಗಿರಾಕಿಯನ್ನು ಅವರು ಗೌರವಿಸುತ್ತಾರೆ, ಬೆಲೆ ಮಾತ್ರ ಕೇಳಿ ಮುಂದೆ ಹೋಗುವವರನ್ನು ಸಹಿಸುವುದಿಲ್ಲ. ಜೂನ್ 1ರಿಂದ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಪೇಟೆಯಲ್ಲಿ ಹೊಳೆಯುವ ದೊಡ್ಡ ಮೀನು ಹೆಚ್ಚಾಗಿ ಮಂಜುಗಡ್ಡೆಯ ಪೆಟ್ಟಿಗೆಯಿಂದ ಬಂದದ್ದು; ಆಗ ಒಣಗಿಸಿದ ಬೊಂಬಿಲ್ ಮೀನು ಕೊಳ್ಳುವುದೇ ಮೇಲು. ಶ್ರಾವಣದ ನೂಲ ಹುಣ್ಣಿಮೆಯಂದು, ಅವರ ಲೆಕ್ಕದಲ್ಲಿ ನಾರಳೀ ಪೂರ್ಣಿಮೆಯಂದು, ಕೋಳಿಗಳು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಮತ್ತೆ ದೋಣಿ ಇಳಿಸುತ್ತಾರೆ. ನನಗೆ ಮೀನು ಕೊಡುವ ಮಾವಶಿ ಅದಾದ ಮೂರನೆಯ ದಿನ ಕಾವಲುಗಾರನ ಕೈಯಲ್ಲಿ ಹೇಳಿ ಕಳುಹಿಸುತ್ತಾಳೆ: "ಭಾವೂಗೆ ಹೇಳು, ತಾಜಾ ಬಂದಿದೆ, ಒಂಬತ್ತರ ಮೇಲೆ ಬಂದರೆ ಇರುವುದಿಲ್ಲ."